‘ರೈಸ್ ಇಲ್ಲ’ ಎಂದರೆ ಏನಿಲ್ಲ?

ಮಸ್ಕತ್ತಿನ ನಮ್ಮ ಬಾಡಿಗೆ ಮನೆಗೆ ಒಂದು ಸಂಜೆ ಐದೈದು ಕಿಲೋದ ಎರಡು ಅಕ್ಕಿ ಚೀಲಗಳು ಬಂದು ಕುಳಿತವು. ಡಬ್ಬಿಯಲ್ಲಿ ಮೊದಲೇ ಮೂರು ಕಿಲೋದಷ್ಟು ಅಕ್ಕಿ ಇತ್ತು. ತಪ್ಪು ನನ್ನದೇ. ಬೆಳಗಿನ ಪಾಳಿ ಮುಗಿಸಿ ಹಸಿದು ಬಂದವಳು ಕುಕ್ಕರಿನ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ನಾಲ್ಕು ಅಗುಳು. ಮನೆಯ ಮೂವರೂ ಇದ್ದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನೋ ರೈಸ್’ ಎಂದು ಎರಡೇ ಪದ ಬರೆದು ಮಲಗಿಬಿಟ್ಟೆ. ಅನ್ನ ಮುಗಿದಿದೆ, ಮೊದಲು ಬಂದವರು ಒಂದಿಷ್ಟು ಅಕ್ಕಿ ಇಡಿ ಎನ್ನುವುದು ನನ್ನ ಮನಸ್ಸಿನಲ್ಲಿದ್ದ ಮಾತು. ಓದಿದವರಿಬ್ಬರೂ ಫಿಲಿಪ್ಪೀನ್ಸಿನ ನರ್ಸುಗಳು. ಮನೆಯಲ್ಲಿ ಅಕ್ಕಿ ತೀರಿದೆ ಎಂದುಕೊಂಡು ಒಬ್ಬರು ಆಸ್ಪತ್ರೆಯ ಎದುರಿನ ಅಂಗಡಿಯಿಂದ, ಇನ್ನೊಬ್ಬರು ಓಣಿಯ ಅಂಗಡಿಯಿಂದ ಚೀಲ ಹೊತ್ತು ತಂದರು. ಅಷ್ಟು ಹೊತ್ತಿಗೆ ರಾತ್ರಿ ಹತ್ತು ದಾಟಿತ್ತು. ಅಕ್ಕಿ ತೊಳೆದು ಇಡುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಹದಿಮೂರು ಕಿಲೋ ಅಕ್ಕಿಯನ್ನು ಎದುರಿಗಿಟ್ಟುಕೊಂಡು ನಾವು ಬ್ರೆಡ್ ತಿಂದೆವು.

ಇಬ್ಬರಲ್ಲಿ ಹಿರಿಯರನ್ನು ನಾವು ‘ಆತೆ’ ಎಂದು ಕರೆಯುತ್ತಿದ್ದೆವು. ತಗಾಲೊಗ್ ಭಾಷೆಯಲ್ಲಿ ಹಾಗೆಂದರೆ ಅಕ್ಕ. ಮೊದಲ ವಾರ ಫೋನಿನಲ್ಲಿ ‘ಆತೆ ಮೀನು ಸಾರು ಮಾಡಿದ್ದಾರೆ’ ಎಂದಾಗ, ಮದುವೆಯಾಗದ ಮಗಳಿಗೆ ಅತ್ತೆ ಎಲ್ಲಿಂದ ಬಂದರು ಎಂದು ಅಮ್ಮನಿಗೆ ದಿಗಿಲಾಗಿತ್ತು. ಆತೆಯ ಊರು ನುವೆವಾ ಎಸಿಹಾ ಪ್ರಾಂತ್ಯದಲ್ಲಿ. ಲೂಸಾನ್ ದ್ವೀಪದ ನಡುವಿನ ಆ ಬಯಲು ಫಿಲಿಪ್ಪೀನ್ಸಿನ ಭತ್ತದ ಕಣಜ. ನಾನು ಕುಂದಾಪುರದ ಕಡೆಯವಳು. ಇಬ್ಬರ ಮನೆಯಂಗಳದಲ್ಲೂ ಭತ್ತ ಒಣಗಿದೆ, ಇಬ್ಬರೂ ಕೋಳಿ ಓಡಿಸುತ್ತಾ ಅದನ್ನು ಕಾದಿದ್ದೇವೆ. ಹೀಗಿದ್ದೂ ಒಂದು ಅನ್ನದ ವಿಷಯ ಮಾತಾಡಲು ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯ ಭಾಷೆಯ ಮೊರೆಹೋಗಿ ಮೋಸಹೋಗಿದ್ದೆವು.

ಬ್ರೆಡ್ಡಿನ ಚೂರು ಒರೆಸುತ್ತಾ ಆತೆ ಕೇಳಿದರು: ‘ನೀನು ಹೇಳಿದ್ದು ಬಿಗಾಸೋ, ಕಾನಿನೋ?’ ಅದೇನೆಂದು ನನಗೆ ತಿಳಿಯಲಿಲ್ಲ. ಅವರು ಔಷಧದ ಚೀಟಿಯ ಹಿಂಬದಿಯಲ್ಲಿ ಮೂರು ಚಿತ್ರ ಬರೆದರು. ತೆನೆ, ಚೀಲ, ತಟ್ಟೆ. ತೆನೆಯ ಕೆಳಗೆ ಪಾಲಾಯ್, ಚೀಲದ ಕೆಳಗೆ ಬಿಗಾಸ್, ತಟ್ಟೆಯ ಕೆಳಗೆ ಕಾನಿನ್. ನಾನು ಪೆನ್ನು ಕಿತ್ತುಕೊಂಡು ಪಕ್ಕದಲ್ಲೇ ಭತ್ತ, ಅಕ್ಕಿ, ಅನ್ನ ಎಂದು ಬರೆದೆ. ಬೀಗಕ್ಕೆ ಕೀಲಿ ಕೂತ ಹಾಗೆ ಒಂದೊಂದೂ ಸರಿಯಾಗಿ ಕೂತಿತು. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ರೈಸ್.

ಅಲ್ಲಿಂದ ನಮಗೆ ಹುಚ್ಚೇ ಹಿಡಿಯಿತು. ಚೀಟಿ ಸಾಲದೆ ಹಳೆಯ ಡ್ಯೂಟಿ ಪಟ್ಟಿಯ ಹಿಂಬದಿಗೆ ಹೋದೆವು. ನೆಡುವ ಮೊದಲಿನ ಸಸಿ ಅವರಿಗೆ ಪುನ್ಲಾ, ನಮ್ಮ ಕಡೆ ಅಗೆ. ಕುಟ್ಟಿದಾಗ ಹಾರುವ ಹೊಟ್ಟು ಈಪಾ, ಒಳಗಿನ ತೌಡು ದರಾಕ್, ಮುರಿದ ನುಚ್ಚು ಬಿನ್ಲಿದ್. ಒರಳಿಗೂ ಒನಕೆಗೂ ಮೊರಕ್ಕೂ ಅವರಲ್ಲಿ ಬೇರೆಬೇರೆ ಹೆಸರು. ಅವರ ಮೊರ ಗುಂಡಗಿರುತ್ತದೆಯಂತೆ. ಹಸಿ ಭತ್ತವನ್ನು ಹುರಿದು ಕುಟ್ಟಿದ ಪಿನಿಪಿಗ್ ಎಂಬುದನ್ನು ಅವರು ವರ್ಣಿಸುತ್ತಿದ್ದಂತೆ ನಾನು ‘ಅವಲಕ್ಕಿ’ ಎಂದು ಕೂಗಿದೆ. ನಮ್ಮ ಅವಲಕ್ಕಿಗೂ ಅದಕ್ಕೂ ವ್ಯತ್ಯಾಸವಿದೆ, ಅವರದ್ದು ಎಳೆಯ ಅಂಟು ಭತ್ತದ್ದು. ಆದರೂ ಕುಟ್ಟಿದ ಕೈಯ ನೋವು ಒಂದೇ ಇರಬೇಕು.

ರೈಸ್ ಎಂಬ ಪದ ಇಂಗ್ಲಿಷಿಗೆ ಫ್ರೆಂಚಿನಿಂದ ಬಂತು, ಅದರ ಹಿಂದೆ ಲ್ಯಾಟಿನ್, ಅದರ ಹಿಂದೆ ಗ್ರೀಕರ ಒರಿಜಾ. ಗ್ರೀಕರಿಗೆ ಅದು ಎಲ್ಲಿಂದ ಸಿಕ್ಕಿತು ಎಂಬಲ್ಲಿ ಜಗಳ ಶುರು. ತಮಿಳಿನ ಅರಿಸಿಯಿಂದ ಎನ್ನುವವರಿದ್ದಾರೆ, ಸಂಸ್ಕೃತದ ವ್ರೀಹಿಯ ಸಂಬಂಧಿ ಎನ್ನುವವರೂ ಇದ್ದಾರೆ. ನಮ್ಮ ಅಕ್ಕಿ ಅರಿಸಿಯ ಒಡಹುಟ್ಟಾದ್ದರಿಂದ ಮೊದಲನೆಯದನ್ನು ನಂಬಲು ನನಗೆ ಆಸೆ. ಆಸೆಪಟ್ಟ ಮಾತ್ರಕ್ಕೆ ನಿಜವಾಗಬೇಕಿಲ್ಲ. ಮೂಲ ಯಾವುದೇ ಇರಲಿ, ಆ ಪದ ಇಂಗ್ಲೆಂಡಿನ ದಡ ಮುಟ್ಟುವ ಹೊತ್ತಿಗೆ ಅದರೊಳಗಿನ ವಸ್ತು ಹೊಟ್ಟು ಕಳೆದುಕೊಂಡ ವ್ಯಾಪಾರದ ಸರಕಾಗಿತ್ತು. ಗದ್ದೆ ಕಾಣದವರಿಗೆ ಗದ್ದೆಯಲ್ಲಿರುವಾಗಿನ ಹೆಸರು ಬೇಕಾಗಲಿಲ್ಲ. ಬೇಕಾದದ್ದು ಮುಂದೆ, ಅವರೇ ಗದ್ದೆಗಳ ದೇಶಗಳಿಗೆ ಬಂದ ಮೇಲೆ. ಆಗ ಮಲಯ ಭಾಷೆಯ ‘ಪಾದಿ’ಯನ್ನು ಎತ್ತಿಕೊಂಡು ಪ್ಯಾಡಿ ಮಾಡಿಕೊಂಡರು. ಆ ಪಾದಿ ಮತ್ತು ತಗಾಲೊಗ್‌ನ ಪಾಲಾಯ್ ಒಂದೇ ತಾಯಿಯ ಮಕ್ಕಳು. ನಮ್ಮ ಕೃಷಿ ಇಲಾಖೆಯ ಕಾಗದಗಳಲ್ಲಿ ಭತ್ತದ ಎದುರು ಪ್ಯಾಡಿ ಎಂದು ಬರೆದಾಗಲೆಲ್ಲ ಆತೆಯ ಊರಿನ ದೂರದ ನೆಂಟನೊಬ್ಬ ಅಲ್ಲಿ ಸದ್ದಿಲ್ಲದೆ ಕುಳಿತಿರುತ್ತಾನೆ ಎಂಬುದು ನನಗೆ ಈಚಿನವರೆಗೂ ತಿಳಿದಿರಲಿಲ್ಲ.

ಇಂಗ್ಲಿಷಿನವರನ್ನು ನೋಡಿ ನಗುವ ಮೊದಲು ನಮ್ಮ ಮನೆಯ ಮಾಡು ನೋಡಿಕೊಳ್ಳಬೇಕು. ಆಗುಂಬೆ ಘಾಟಿಯಲ್ಲಿ ಬಸ್ಸಿಗೆ ಅಡ್ಡ ಬರುವುದೂ ಮಂಜು, ಬೆಳಗ್ಗೆ ಹುಲ್ಲಿನ ಮೇಲೆ ಹೊಳೆಯುವುದೂ ಮಂಜು, ಹಿಮಾಲಯದ ನೆತ್ತಿಯ ಮೇಲಿರುವುದೂ ಮಂಜು. ಮೀನಿನ ಪೆಟ್ಟಿಗೆಗೆ ಸುರಿಯುವುದಕ್ಕೆ ಒಂದು ಗಡ್ಡೆ ಸೇರಿಸಿ ಮಂಜುಗಡ್ಡೆ ಮಾಡಿಕೊಂಡೆವು, ಅಷ್ಟೇ. ತಗಾಲೊಗ್‌ನವರ ಪಾಡೂ ಅದೇ. ಮಂಜುಗಡ್ಡೆಗೂ ಬೀಳುವ ಹಿಮಕ್ಕೂ ಸ್ಪ್ಯಾನಿಷರಿಂದ ಸಾಲ ತಂದ ಯೆಲೋ, ನಿಯೆಬೆ.

ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ. 1565ರಿಂದ 1898ರವರೆಗೆ ಫಿಲಿಪ್ಪೀನ್ಸನ್ನು ಆಳಿದ ಸ್ಪೇನ್, ಅಲ್ಲಿನ ಊಟದ ಕೋಣೆಯನ್ನು ಪೂರಾ ವಶಪಡಿಸಿಕೊಂಡಿದೆ. ಅಡುಗೆಮನೆ ಕುಸಿನಾ, ಮೇಜು ಮೇಸಾ, ತಟ್ಟೆ ಪ್ಲಾತೊ, ಚಮಚ ಕುತ್ಸಾರಾ, ಮುಳ್ಳುಚಮಚ ತಿನಿದೋರ್, ಅನ್ನ ಬೇಯುವ ಪಾತ್ರೆ ಕಾಲ್ದೆರೊ. ಎಲ್ಲವೂ ಸ್ಪ್ಯಾನಿಷ್. ಆ ತಟ್ಟೆಯ ನಡುವೆ ಕೂತ ಕಾನಿನ್ ಮಾತ್ರ ಕದಲಿಲ್ಲ. ಸ್ಪ್ಯಾನಿಷರ ಅರ್ರೋಸ್ ಒಂದೆರಡು ವಿಶೇಷ ತಿನಿಸುಗಳ ಹೆಸರಿನಲ್ಲಿ, ಕೋಳಿ ಹಾಕಿದ ಗಂಜಿಯಾದ ಅರ್ರೋಸ್ ಕಾಲ್ದೊದಂಥವುಗಳಲ್ಲಿ, ಅತಿಥಿಯ ಹಾಗೆ ಉಳಿದುಕೊಂಡಿದೆ.

ಕಾನಿನ್ ಎಂಬುದು ತಿನ್ನು ಎಂಬರ್ಥದ ಕಾಇನ್ ಎಂಬ ಧಾತುವಿನಿಂದ ಹುಟ್ಟಿದ್ದು. ತಿನ್ನುವಂಥದ್ದು, ಅಂದರೆ ಅನ್ನ. ಇದನ್ನು ಕೇಳಿದಾಗ ನನಗೆ ಶಾಲೆಯ ಸಂಸ್ಕೃತ ತರಗತಿ ನೆನಪಾಯಿತು. ನಮ್ಮ ಅನ್ನವೂ ತಿನ್ನು ಎಂಬರ್ಥದ ‘ಅದ್’ ಧಾತುವಿನಿಂದ ಬಂದದ್ದು. ಎರಡು ಭಾಷಾಕುಟುಂಬಗಳು ಒಂದನ್ನೊಂದು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿವೆ. ತಿನ್ನುವುದು ಅಂದರೆ ಇದು. ಉಳಿದದ್ದೆಲ್ಲ ಇದರ ಪಕ್ಕದ್ದು. ಆ ಪಕ್ಕದ್ದಕ್ಕೂ ಅವರಲ್ಲಿ ಒಂದು ಹೆಸರಿದೆ, ಉಲಾಮ್. ಮೀನಿರಲಿ, ಕೋಳಿಯಿರಲಿ, ಬರೀ ಉಪ್ಪಿರಲಿ, ಅನ್ನದ ಜೊತೆ ಬಂದರೆ ಅದು ಉಲಾಮ್. ಇದಕ್ಕೆ ಇಂಗ್ಲಿಷ್ ಹುಡುಕಿ ಆತೆ ಸೋತರು. ನಾನು ಹುಡುಕಲೇ ಇಲ್ಲ. ನಮ್ಮ ಕರಾವಳಿಯಲ್ಲಿ ‘ಇವತ್ತು ಎಂಥ ಪದಾರ್ಥ?’ ಎಂದು ಕೇಳುವುದು ಇದನ್ನೇ. ಘಟ್ಟದ ಮೇಲೆ ಮೇಲೋಗರ ಎನ್ನುತ್ತಾರೆ. ಓಗರ ಎಂದರೆ ಹಳಗನ್ನಡದ ಅನ್ನ, ಅದರ ಮೇಲಿನದ್ದು ಮೇಲೋಗರ. ಓಗರ ಒಂಟಿಯಾಗಿ ಈಗ ಯಾರ ಬಾಯಲ್ಲೂ ಇಲ್ಲ. ಮೇಲೋಗರದಲ್ಲೂ ಪುಳಿಯೋಗರೆಯಲ್ಲೂ ಅಡಗಿ ಕುಳಿತು ಬದುಕಿದೆ. ಇನ್ನೊಂದು ಹಳೆಯ ಪದ ಕೂಳು, ಪಾಪ, ಬೈಗುಳಕ್ಕೆ ಇಳಿಯಿತು.

ಎಲ್ಲವೂ ಹೀಗೆ ಹೊಂದಿಕೊಂಡಿತೆಂದು ತಿಳಿಯಬೇಡಿ. ಕುಚ್ಚಲಕ್ಕಿಗೆ ಆತೆಯ ಬಳಿ ಪದವೇ ಇರಲಿಲ್ಲ. ಭತ್ತವನ್ನು ಒಮ್ಮೆ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಮತ್ತೆ ಬೇಯಿಸಿ ಉಣ್ಣುತ್ತೇವೆ ಎಂದಾಗ, ‘ಒಂದು ಸಲ ಬೆಂದರೆ ಸಾಲದೇ ನಿಮಗೆ?’ ಎಂದು ಕೇಳಿದರು. ಅವರ ಮಲಾಗ್ಕಿತ್, ಅಂದರೆ ಅಂಟಿಕೊಳ್ಳುವ ಅಕ್ಕಿ, ಹಬ್ಬದ ಸಿಹಿಗೆ ಬೇಕೇ ಬೇಕು. ಅದನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಸುಮಾನ್ ತಿನ್ನುವಾಗ ನನಗೆ ಮೂಡೆಯ ನೆನಪು. ಆದರೆ ನಮ್ಮ ಮನೆಯಲ್ಲಿ ಅನ್ನ ಅಂಟಿದರೆ ಅದು ಅಡುಗೆ ಕೆಟ್ಟ ಲಕ್ಷಣ. ‘ಮುದ್ದೆಯಾಯಿತು’ ಎಂದು ಮುಖ ಸಿಂಡರಿಸುತ್ತಾರೆ. ತಂಗಳನ್ನದ ವಿಷಯದಲ್ಲೂ ಹಾಗೆಯೇ. ನಮ್ಮ ‘ತಂಗಳು’ ಎಂಬ ಪದದಲ್ಲಿ ಒಂದು ತಾತ್ಸಾರ ಸೇರಿಕೊಂಡಿದೆ. ಅವರ ಬಾಹಾವ್ ಮರುದಿನದ ಬಂಡವಾಳ. ಬೆಳ್ಳುಳ್ಳಿ ಕೆಂಪಗೆ ಹುರಿದು, ರಾತ್ರಿಯ ಅನ್ನವನ್ನು ಕೈಯಲ್ಲಿ ಬಿಡಿಸಿ ಹಾಕಿ ಮಾಡುವ ಸಿನಂಗಾಗ್‌ಗೆ ಬಿಸಿ ಅನ್ನ ಆಗುವುದೇ ಇಲ್ಲ. ಇದು ಚಿತ್ರಾನ್ನ ಮಾಡುವ ಯಾರಿಗಾದರೂ ಗೊತ್ತು, ಆದರೂ ನಾವು ನೆಂಟರ ಮುಂದೆ ‘ಈಗಷ್ಟೇ ಮಾಡಿದ್ದು’ ಎಂದು ಸುಳ್ಳು ಹೇಳುತ್ತೇವೆ.

ದೊಡ್ಡ ಗಲಾಟೆಯಾದದ್ದು ಅಕ್ಕಿ ತೊಳೆದ ನೀರಿನಿಂದ. ನಾನು ಅದನ್ನು ಚೆಲ್ಲಲು ಹೊರಟಾಗ ಆತೆ ಕೈ ಹಿಡಿದರು. ಎರಡನೆಯ ಸಲ ತೊಳೆದ ಆ ನೀರಿಗೆ ಹೂಗಾಸ್-ಬಿಗಾಸ್ ಎನ್ನುತ್ತಾರಂತೆ. ಹುಣಿಸೆ ಹುಳಿ ಹಾಕಿ ಮಾಡುವ ಸಿನಿಗಾಂಗ್ ಎಂಬ ಸಾರಿಗೆ ಅದೇ ಬೇಕಂತೆ, ಸಾರು ತುಸು ದಪ್ಪವಾಗುತ್ತದೆ. ನಮ್ಮ ಕಡೆ ಅದಕ್ಕೆ ಅಕ್ಕಚ್ಚು ಎಂಬ ಅಚ್ಚುಕಟ್ಟಾದ ಹೆಸರಿದೆ ಎಂದು ಹೆಮ್ಮೆಯಿಂದ ಹೇಳಿ, ಏನು ಮಾಡುತ್ತೀರಿ ಎಂದು ಅವರು ಕೇಳಿದ್ದಕ್ಕೆ ‘ದನಕ್ಕೆ ಕೊಡುತ್ತೇವೆ’ ಎಂದೆ. ಸಾರು ಕುದಿಯುತ್ತಿತ್ತು. ಆತೆ ಸೌಟು ತಿರುವುತ್ತಾ ನನ್ನನ್ನು ಒಮ್ಮೆ ನೋಡಿದರು. ಸಾರು ಮಾತ್ರ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಪುಟ್ಟ ಪದ: ಮುಮೊ. ಉಣ್ಣುವಾಗ ತಟ್ಟೆಯಿಂದ ಆಚೆ ಬಿದ್ದ, ಇಲ್ಲವೇ ತುಟಿಯ ಅಂಚಿಗೆ ಅಂಟಿದ ಅನ್ನದ ಕಾಳು. ಕಾಳು ಎಂದೆ, ತಪ್ಪು. ಕನ್ನಡದಲ್ಲಿ ಅಕ್ಕಿಗೆ ಕಾಳು, ಅನ್ನಕ್ಕೆ ಅಗುಳು. ಬೆಂದ ಮೇಲೆ ಅದರ ಜಾತಿಯೇ ಬೇರೆ. ಇಂಗ್ಲಿಷಿನ ಗ್ರೇನ್ ಎಂಬ ಒಂದೇ ಪದದಲ್ಲಿ ಬೆಂಕಿಯ ಸುಳಿವೇ ಇಲ್ಲ. ನಮ್ಮ ಅಜ್ಜಿ ಊಟವಾದ ಮೇಲೆ ನೆಲದ ಮೇಲಿನ ಅಗುಳನ್ನು ಒದ್ದೆ ಬೆರಳಿಗೆ ಅಂಟಿಸಿ ಎತ್ತುತ್ತಿದ್ದರು, ಒಂದನ್ನೂ ತುಳಿಯಲು ಬಿಡುತ್ತಿರಲಿಲ್ಲ. ಆತೆ ಮೇಜಿನ ಮೇಲಿನ ಮುಮೊ ಎತ್ತುವುದೂ ಹಾಗೆಯೇ, ಅದೇ ತೋರುಬೆರಳಿನಿಂದ. ಅವರಲ್ಲಿ ಒಂದು ಗಾದೆಯಿದೆ: ಮದುವೆಯೆಂದರೆ ಹುಡುಗಾಟವಲ್ಲ, ಅದು ಬಾಯಿಗಿಟ್ಟ ಕಾನಿನ್ ಅಲ್ಲ ಸುಟ್ಟರೆ ಉಗುಳಲು. ನನ್ನ ಮದುವೆಯ ಮಾತು ಮನೆಯಲ್ಲಿ ಎದ್ದಾಗೆಲ್ಲ ಆತೆ ಇದನ್ನು ಹೇಳುತ್ತಿದ್ದರು. ಗಮನಿಸಿ, ಇಲ್ಲಿ ಬಿಗಾಸ್ ಹಾಕಿದರೆ ಗಾದೆ ಕೆಡುತ್ತದೆ. ಹಾಗೆಯೇ ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬಲ್ಲಿ ಅನ್ನ ಹಾಕಿ ನೋಡಿ. ಬೆಂದ ಮೇಲೆ ಇನ್ನೆಂಥ ಆಸೆ, ಬಡಿಸಲೇಬೇಕು. ಕೂಡಿಡಲು ಬರುವುದು ಅಕ್ಕಿಯನ್ನು ಮಾತ್ರ.

ಇಷ್ಟೆಲ್ಲ ಇದ್ದೂ ರೈಸ್ ಎಂಬುದು ಎರಡೂ ಕಡೆ ಒಳಗೆ ಬಂದಿದೆ. ಬಂದ ಬಾಗಿಲು ಒಂದೇ, ಹೋಟೆಲಿನದ್ದು. ಬೆಂಗಳೂರಿನಲ್ಲಿ ಬಡಿಸುವವನು ‘ರೈಸ್ ಹಾಕಲೇ?’ ಎನ್ನುತ್ತಾನೆ, ಮನೆಯಲ್ಲಿ ಅವನ ಹೆಂಡತಿ ‘ಅನ್ನ ಹಾಕಲೇ?’ ಎಂದೇ ಕೇಳುತ್ತಿರಬೇಕು. ಮನಿಲಾದ ಹೋಟೆಲುಗಳಲ್ಲಿ ಒಂದೇ ಬೆಲೆಗೆ ಎಷ್ಟು ಬೇಕಾದರೂ ಅನ್ನ ಹಾಕಿಸಿಕೊಳ್ಳುವುದಕ್ಕೆ ‘ಅನ್ಲಿ ರೈಸ್’ ಎನ್ನುತ್ತಾರೆ, ಅನ್ಲಿ ಎಂದರೆ ಅನ್‌ಲಿಮಿಟೆಡ್‌ನ ಮೊಟಕು. 2017ರಲ್ಲಿ ಅಲ್ಲಿನ ಸೆನೆಟರ್ ಸಿಂತಿಯಾ ವಿಯಾರ್ ಇದು ಆರೋಗ್ಯಕ್ಕೆ ಒಳ್ಳೆಯದಲ್ಲ, ನಿಲ್ಲಿಸಬೇಕು ಎಂಬರ್ಥದ ಮಾತಾಡಿ ಜನರ ಸಿಟ್ಟಿಗೆ ಗುರಿಯಾಗಿ ಹಿಂದೆ ಸರಿದರು. ಬಿಲ್ಲಿನಲ್ಲಿ ಬರೆಯುವ ವಸ್ತುವಾದಾಗ ಅನ್ನ ರೈಸ್ ಆಗುತ್ತದೆ. ಅಮ್ಮನ ಕೈಯಿಂದ ಬಂದರೆ ಆಗುವುದಿಲ್ಲ.

ಕೈ ಬದಲಾದಲ್ಲಿ ಹೆಸರು ಬದಲಾಗುತ್ತದೆ ಎಂಬುದು ನನಗೆ ಹೊಳೆದದ್ದು ಆತೆ ತಮ್ಮನೊಂದಿಗೆ ಫೋನಿನಲ್ಲಿ ಜಗಳವಾಡುವುದನ್ನು ಕೇಳುತ್ತಾ. ಪಾಲಾಯ್ ರೈತನದ್ದು, ಬಿಗಾಸ್ ವ್ಯಾಪಾರಿಯದ್ದು ಮತ್ತು ಸರ್ಕಾರದ್ದು, ಕಾನಿನ್ ಮನೆಯದ್ದು. ಚುನಾವಣೆಯ ಭರವಸೆಗಳೆಲ್ಲ ನಡುವಿನದ್ದರ ಮೇಲೆಯೇ. 2022ರಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಗೆ ನಿಂತ ಫರ್ಡಿನೆಂಡ್ ಮಾರ್ಕೋಸ್ ಜೂನಿಯರ್ ಕಿಲೋಗೆ 20 ಪೆಸೊ ದರದ ಮಾತಾಡಿದ್ದು ಬಿಗಾಸ್ ಬಗ್ಗೆ. ಕೊಳ್ಳುವವರು ಚಪ್ಪಾಳೆ ತಟ್ಟಿದರು. ಹಾಗಾದರೆ ನಮ್ಮ ಪಾಲಾಯ್‌ಗೆ ಏನು ಸಿಕ್ಕೀತು ಎಂದು ಬೆಳೆಯುವವರು ಲೆಕ್ಕ ಹಾಕಿದರು. ಅದಕ್ಕೂ ಮೊದಲು 2019ರ ಕಾನೂನು ಸುಂಕ ಕಟ್ಟಿ ಆಮದು ಮಾಡಿಕೊಳ್ಳಲು ದಾರಿ ತೆರೆದಾಗ ಹೊರಗಿನ ಬಿಗಾಸ್ ಹರಿದು ಬಂದು ಊರಿನ ಪಾಲಾಯ್ ಬೆಲೆ ಕುಸಿದಿತ್ತು. ಅಲ್ಲಿನ ಇಂಗ್ಲಿಷ್ ಪತ್ರಿಕೆಗಳೂ ಇದನ್ನು ಬರೆಯುವಾಗ ಪಾಲಾಯ್ ಎಂಬ ಪದವನ್ನು ಹಾಗೆಯೇ ಇಟ್ಟುಕೊಳ್ಳುತ್ತವೆ. ರೈಸ್ ಬೆಲೆ ಇಳಿಯಿತು ಎಂದರೆ ಯಾರ ಮನೆಯಲ್ಲಿ ನಗು, ಯಾರ ಮನೆಯಲ್ಲಿ ಅಳು ಎಂದು ತಿಳಿಯುವುದೇ ಇಲ್ಲವಲ್ಲ.

ನಮ್ಮಲ್ಲಿ ಇದರ ಇನ್ನೊಂದು ತಮಾಷೆ. 2013ರಲ್ಲಿ ಶುರುವಾದ ಯೋಜನೆಯ ಹೆಸರು ಅನ್ನಭಾಗ್ಯ, ಕೊಡುವುದು ಅಕ್ಕಿ. 2023ರಲ್ಲಿ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಸಿಗದೆ ಕಿಲೋಗೆ 34 ರೂಪಾಯಿಯಂತೆ ದುಡ್ಡು ಕೊಟ್ಟಾಗಲೂ ಹೆಸರು ಅನ್ನಭಾಗ್ಯವೇ. ಹೆಸರಿಟ್ಟವರು ಜಾಣರು. ಅಕ್ಕಿಭಾಗ್ಯ ಎಂದಿದ್ದರೆ ಅಂಗಡಿಯ ತಕ್ಕಡಿ ಕಾಣುತ್ತಿತ್ತು, ಅನ್ನ ಎಂದದ್ದರಿಂದ ತಟ್ಟೆ ಕಾಣುತ್ತದೆ. ನಮ್ಮ ಊರಿನಲ್ಲಿ ಭತ್ತವನ್ನು ಮಿಲ್ಲಿಗೆ ಮಾರಿ, ಅದೇ ವಾರ ಪಡಿತರದ ಅಕ್ಕಿಗೆ ಸಾಲಿನಲ್ಲಿ ನಿಲ್ಲುವವರು ಇದ್ದಾರೆ. ಇದನ್ನು ಹೇಳಿದಾಗ ಆತೆಗೆ ಆಶ್ಚರ್ಯವಾಗಲಿಲ್ಲ. ಅವರ ತಮ್ಮನೂ ಬಿಗಾಸ್ ಅನ್ನು ಅಂಗಡಿಯಿಂದಲೇ ತರುವುದು.

2015ರ ಅಕ್ಟೋಬರ್‌ನಲ್ಲಿ ಲಾಂಡೋ ಎಂಬ ಚಂಡಮಾರುತ ಲೂಸಾನಿಗೆ ಅಪ್ಪಳಿಸಿತು. ಹೊರಜಗತ್ತಿಗೆ ಅದರ ಹೆಸರು ಕೊಪ್ಪು. ಫಿಲಿಪ್ಪೀನ್ಸಿನವರು ತಮ್ಮ ಬಿರುಗಾಳಿಗಳಿಗೆ ತಾವೇ ಹೆಸರಿಡುತ್ತಾರೆ. ಬೇಗ ಹಾದುಹೋಗದೆ ನಿಧಾನವಾಗಿ ತೆವಳಿ, ಕೊಯ್ಲಿಗೆ ಬಂದ ನುವೆವಾ ಎಸಿಹಾದ ಗದ್ದೆಗಳ ಮೇಲೆ ಮಳೆ ಸುರಿಯಿತು. ರಾತ್ರಿ ಪಾಳಿಯ ನಡುವೆ ಆತೆಗೆ ತಮ್ಮನ ಕರೆ ಬಂತು. ಮಾತು ಮುಗಿಸಿ ಬಂದು ಕುಳಿತು, ‘ದುಮಾಪಾ’ ಎಂದರು. ಮಗು ಮೊದಲ ಸಲ ಬೋರಲಾದಾಗಲೂ ಇದೇ ಪದವಂತೆ. ಪಾಲಾಯ್ ಬೋರಲಾಗಿ ನೀರಿನಲ್ಲಿ ಮಲಗಿದೆ. ನಾವೂ ಪೈರು ಮಲಗಿತು ಎಂದೇ ಹೇಳುತ್ತೇವೆ. ಇದಕ್ಕೆ ಇಂಗ್ಲಿಷಿನಲ್ಲಿ ಲಾಡ್ಜಿಂಗ್ ಎನ್ನುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು. ಬೋರ್ಡಿಂಗ್ ಮತ್ತು ಲಾಡ್ಜಿಂಗ್ ಎಂಬ ಫಲಕ ನೋಡುತ್ತಾ ಬೆಳೆದ ನನಗೆ ಗದ್ದೆಯಲ್ಲಿ ಭತ್ತ ರೂಮು ಮಾಡಿಕೊಂಡಂತೆ ಕೇಳಿಸಿತು.

ಆ ಮಲಗುವಿಕೆಯನ್ನು ತಡೆಯುವುದಕ್ಕೆಂದೇ ಆತೆಯ ದೇಶದಲ್ಲಿ ಒಂದು ದೊಡ್ಡ ಕೆಲಸ ನಡೆದಿದೆ. ಮನಿಲಾದ ದಕ್ಷಿಣಕ್ಕೆ ಲೋಸ್ ಬಾನ್ಯೋಸ್‌ನಲ್ಲಿ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಗೊಬ್ಬರ ಕೊಟ್ಟರೆ ಎತ್ತರದ ನಾಡತಳಿಗಳು ತೆನೆಯ ಭಾರಕ್ಕೆ ಮಲಗುತ್ತಿದ್ದವು. ಇಂಡೊನೇಷ್ಯಾದ ಪೇಟಾ ಎಂಬ ತಳಿಗೆ ತೈವಾನಿನ ಗಿಡ್ಡ ತಳಿಯೊಂದನ್ನು ಕೂಡಿಸಿ, ಕಾಂಡ ಮೋಟಾಗಿ ಗಟ್ಟಿಯಾಗಿ ನಿಲ್ಲುವ ಐಆರ್ 8 ಅನ್ನು 1966ರಲ್ಲಿ ಹೊರತಂದರು. ಅದರ ಮುಂದಿನ ಪೀಳಿಗೆಯ ಐಆರ್ 64 ನಮ್ಮ ರಾಜ್ಯದ ಗದ್ದೆಗಳಲ್ಲೂ ಬೆಳೆದಿದೆ. ಅಂದರೆ ಆತೆಯನ್ನು ಭೇಟಿಯಾಗುವ ಎಷ್ಟೋ ವರ್ಷ ಮೊದಲೇ ಅವರ ದೇಶದ ಪಾಲಾಯ್ ನಮ್ಮಲ್ಲಿ ಭತ್ತವಾಗಿ ಬಂದಿತ್ತು. ಆದರೆ ಲಾಂಡೋದಂಥ ಗಾಳಿ ಮಳೆಗೆ ಗಿಡ್ಡ ಕಾಂಡವೂ ನಿಲ್ಲುವುದಿಲ್ಲ.

ಆ ರಾತ್ರಿ ಆತೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಇನ್ನೊಂದು ಪದ ಹೇಳಿದರು. ತಹಿಪ್. ಮೊರದಲ್ಲಿ ಅಕ್ಕಿಯನ್ನು ಮೇಲಕ್ಕೆ ಹಾರಿಸಿ ಹಾರಿಸಿ ಕೇರುವುದಕ್ಕೆ ಆ ಪದ. ಎದೆ ಡವಡವ ಎಂದಾಗಲೂ ಅದೇ. ನಾನು ನೀರಿನ ಲೋಟ ಕೊಟ್ಟು, ನಮ್ಮಲ್ಲಿ ‘ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ’ ಎನ್ನುತ್ತಾರೆ ಎಂದೆ. ಆ ಹೊತ್ತಿಗೆ ಅದು ಆಡಬೇಕಾದ ಮಾತಲ್ಲ. ಆದರೂ ಅವರು ‘ಪಿನಿಪಿಗ್?’ ಎಂದು ಕೇಳಿದರು. ಹೌದೆಂದೆ. ಲೋಟ ಖಾಲಿ ಮಾಡಿ, ಮುಖ ತೊಳೆದು, ಹನ್ನೊಂದನೆಯ ಹಾಸಿಗೆಯ ರೋಗಿಯ ಡ್ರಿಪ್ ಬದಲಿಸಲು ಹೋದರು.

ನೋ ರೈಸ್ ಪ್ರಕರಣವಾದ ಮರುದಿನವೇ ನಾವು ಡಬ್ಬಿಗೆ ಒಂದು ಚೀಟಿ ಅಂಟಿಸಿದ್ದೆವು. ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ಮೇಲೆ, ಎರಡು ಲಿಪಿಯಲ್ಲಿ: ಬಿಗಾಸ್, ಅಕ್ಕಿ. ನಾನು ಕೆಲಸ ಬಿಟ್ಟು ಊರಿಗೆ ಹೊರಟ ವಾರ ನನ್ನ ಹಾಸಿಗೆಗೆ ಕೊಟ್ಟಾಯಂ ಕಡೆಯ ಹುಡುಗಿಯೊಬ್ಬಳು ಬಂದಳು. ಮೊದಲ ದಿನ ಅಡುಗೆಕೋಣೆಯಲ್ಲಿ ಡಬ್ಬಿಯ ಮುಂದೆ ನಿಂತು ಓದಲು ನೋಡಿದಳು, ಮುಚ್ಚಳ ತೆಗೆದು ನೋಡಿದಳು, ಪೆನ್ನು ಕೇಳಿ ಕೆಳಗೆ ತನ್ನ ಲಿಪಿಯಲ್ಲಿ ‘ಅರಿ’ ಎಂದು ಬರೆದಳು. ಆಮೇಲೆ ಏನು ತೋಚಿತೋ, ಟೇಪಿನ ಸುರುಳಿಯಿಂದ ಇನ್ನೊಂದು ತುಂಡು ಹರಿದು ‘ಚೋರ್’ ಎಂದು ಬರೆದು ಕುಕ್ಕರಿನ ಮುಚ್ಚಳಕ್ಕೆ ಅಂಟಿಸಿದಳು. ಆತೆ ಸ್ಟೂಲ್ ಎಳೆದುಕೊಂಡು ಕುಳಿತು ಅದರ ಕೆಳಗೆ ತಮ್ಮದನ್ನು ಬರೆಯತೊಡಗಿದರು.